ಸೀಟು ಅಲ್ಲ, ಅರ್ಜಿ: ಅಮೆರಿಕದಲ್ಲಿ ಎಂ.ಎಸ್., ಪಿಎಚ್.ಡಿ. ಪ್ರವೇಶಕ್ಕೆ ಏನೇನು ಬೇಕು?



ನಮ್ಮ ಬಳಗದ ಸಭೆಗಳಲ್ಲಿ ಕತೆ, ಕವಿತೆಗಳ ಚರ್ಚೆ ಮುಗಿದು ಚಿತ್ರಾನ್ನದ ತಟ್ಟೆ ಕೈಗೆ ಬಂದ ಮೇಲೆ ಮಾತು ಸಾಮಾನ್ಯವಾಗಿ ಮೂರು ಕಡೆ ಹೊರಳುತ್ತದೆ: ಊರಿನ ಮಳೆ, ಮನೆಯ ಬಡ್ಡಿ, ಅಣ್ಣನ ಮಗನ ಎಂ.ಎಸ್. "ಅತ್ತಿಗೆ ದಿನಾ ಫೋನ್ ಮಾಡ್ತಾರೆ ಕಣ್ರೀ, ಅಲ್ಲೇ ಇದ್ದೀರಲ್ಲ, ಒಂದು ಸೀಟು ನೋಡಿ ಅಂತ" ಎನ್ನುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ನಮ್ಮಲ್ಲಿ ಬಹುಮಂದಿ ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಬಂದವರು. ಆದರೆ ದಾರಿ ಈಗ ಹಾಗಿಲ್ಲ. ಹಳೆಯ ನೆನಪಿನ ಮೇಲೆ ಹೇಳಿದ ಸಲಹೆ ಒಂದು ಕುಟುಂಬದ ಹೊಲವನ್ನೋ ಮನೆಯನ್ನೋ ಅಡ ಇಡಿಸಬಹುದು. ಆದ್ದರಿಂದ ಈ ಸಲ ಪುಸ್ತಕ ಪರಿಚಯವನ್ನು ಪಕ್ಕಕ್ಕಿಟ್ಟು, ಅಮೆರಿಕದ ಸ್ನಾತಕೋತ್ತರ ಪ್ರವೇಶಕ್ಕೆ ಏನೇನು ಬೇಕು, ಏಕೆ ಬೇಕು ಎಂಬುದನ್ನು ಒಂದೇ ಕಡೆ ಬರೆದಿಡೋಣ ಎನ್ನಿಸಿತು.

"ಸೀಟು" ಎಂಬ ಮಾತು

ಮೊದಲು ಈ "ಸೀಟು" ಎಂಬ ಮಾತನ್ನು ಬಿಡಿಸೋಣ. ಕರ್ನಾಟಕದಲ್ಲಿ 1994ರಿಂದ ಸಿ.ಇ.ಟಿ. ಇದೆ. ಪರೀಕ್ಷೆ ಬರೆಯಿರಿ, ರ್‍ಯಾಂಕ್ ಬರುತ್ತದೆ, ರ್‍ಯಾಂಕಿಗೆ ತಕ್ಕ ಸೀಟು ಸಿಗುತ್ತದೆ. ನಿಮ್ಮ ಆಸಕ್ತಿ ಏನು, ನಿಮ್ಮ ಮೇಷ್ಟ್ರು ನಿಮ್ಮ ಬಗ್ಗೆ ಏನು ಹೇಳುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಪ್ರತಿ ವಿಶ್ವವಿದ್ಯಾಲಯಕ್ಕೂ, ಅದರೊಳಗಿನ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ನಿಯಮ. ಅರ್ಜಿಯನ್ನು ಓದುವುದು ಆ ವಿಭಾಗದ ಅಧ್ಯಾಪಕರ ಒಂದು ಸಮಿತಿ. ಅವರ ಮುಂದಿರುವ ಪ್ರಶ್ನೆ "ಇವರ ಅಂಕ ಎಷ್ಟು?" ಎಂಬುದಷ್ಟೇ ಅಲ್ಲ, "ಇವರು ನಮ್ಮಲ್ಲಿ ಬಂದು ಏನು ಮಾಡಬಲ್ಲರು?" ಎಂಬುದು. ಈ ಒಂದು ವ್ಯತ್ಯಾಸ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಎಂ.ಎಸ್. ಬೇರೆ, ಪಿಎಚ್.ಡಿ. ಬೇರೆ

ಎರಡನೆಯ ತಪ್ಪು ತಿಳಿವಳಿಕೆ ಇದು: ಮೊದಲು ಎಂ.ಎಸ್., ಆಮೇಲೆ ಪಿಎಚ್.ಡಿ. ಎಂಬ ಮೆಟ್ಟಿಲು. ಭಾರತದಲ್ಲಿ ಬಹುಕಾಲ ಹಾಗೇ ಇತ್ತು. ಇಲ್ಲಿ ಅನೇಕ ವಿಭಾಗಗಳಲ್ಲಿ, ವಿಶೇಷವಾಗಿ ವಿಜ್ಞಾನ ಮತ್ತು ಇಂಜಿನಿಯರಿಂಗ್‌ನಲ್ಲಿ, ಬಿ.ಇ. ಅಥವಾ ನಾಲ್ಕು ವರ್ಷದ ಪದವಿ ಮುಗಿಸಿದವರು ನೇರವಾಗಿ ಪಿಎಚ್.ಡಿ.ಗೇ ಅರ್ಜಿ ಹಾಕಬಹುದು.

ಇದು ದುಡ್ಡಿನ ವಿಷಯವೂ ಹೌದು. ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗೆ ಬೋಧನಾ ಶುಲ್ಕ ಮನ್ನಾ ಮಾಡಿ, ಪಾಠ ಹೇಳಲು ಅಥವಾ ಸಂಶೋಧನೆಗೆ ನೆರವಾಗಲು ತಿಂಗಳ ಭತ್ಯೆಯನ್ನೂ ಕೊಡುವುದು ವಾಡಿಕೆ. ಎಂ.ಎಸ್. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪೂರ್ತಿ ತಮ್ಮ ಕೈಯಿಂದಲೇ ಕೊಡಬೇಕು. "ಅಲ್ಲಿ ಹೋದ ಮೇಲೆ ಅಸಿಸ್ಟೆಂಟ್‌ಶಿಪ್ ಸಿಗುತ್ತದೆ ಬಿಡಿ" ಎಂದು ನಮ್ಮ ಕಾಲದ ಅನುಭವದಿಂದ ಹೇಳುವವರಿದ್ದಾರೆ. ಪ್ರವೇಶ ಪತ್ರದಲ್ಲಿ ಬರೆದುಕೊಟ್ಟಿಲ್ಲದ ಹಣವನ್ನು ಇಲ್ಲವೆಂದೇ ಲೆಕ್ಕ ಹಾಕಬೇಕು.

ಆದರೆ ದುಡ್ಡು ಸಿಗುತ್ತದೆಂದು ಮಾತ್ರ ಪಿಎಚ್.ಡಿ.ಗೆ ಬರುವುದು ಕಷ್ಟದ ಹಾದಿ. ಐದಾರು ವರ್ಷ ಒಂದೇ ಪ್ರಶ್ನೆಯ ಹಿಂದೆ ಬೀಳುವ ಮನಸ್ಸಿದ್ದವರಿಗೆ ಅದು. ಇಲ್ಲದವರಿಗೆ ಅದೇ ಒಂದು ಸೆರೆಮನೆ.

ಪದವಿ ಮೂರು ವರ್ಷವೋ, ನಾಲ್ಕೋ?

ಅಮೆರಿಕದ ಪದವಿ ನಾಲ್ಕು ವರ್ಷದ್ದು. ಹಾಗಾಗಿ ಬಿ.ಇ., ಬಿ.ಟೆಕ್. ಮಾಡಿದವರಿಗೆ ತೊಂದರೆ ಇಲ್ಲ. ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಸಿ.ಎ. ಮಾಡಿದವರು ಮಾತ್ರ ಎಚ್ಚರದಿಂದಿರಬೇಕು. ಕೆಲವು ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ, ಕೆಲವು ಮಾನ್ಯತೆಯ ದರ್ಜೆ ನೋಡಿ ಒಪ್ಪುತ್ತವೆ, ಹಲವು ಒಪ್ಪುವುದೇ ಇಲ್ಲ. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದ್ದರೆ ಈ ಅಡ್ಡಿ ಸಾಮಾನ್ಯವಾಗಿ ನಿವಾರಣೆಯಾಗುತ್ತದೆ.

ಕರ್ನಾಟಕದ ಮಕ್ಕಳಿಗೆ ಇದು ಈಗ ಇನ್ನೂ ಗೊಂದಲದ ವಿಷಯ. 2021-22ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಜಾರಿಗೆ ಬಂತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಣ್ಣನಿಗೆ ನಾಲ್ಕು ವರ್ಷ, ತಂಗಿಗೆ ಮೂರು ವರ್ಷ ಎನ್ನುವ ಮನೆಗಳು ಈಗ ಇವೆ. ಆದ್ದರಿಂದ "ನಮ್ಮ ಪಕ್ಕದ ಮನೆಯವನಿಗೆ ಸಿಕ್ಕಿತ್ತು" ಎಂಬ ಸಾಕ್ಷಿ ಇಲ್ಲಿ ನಡೆಯುವುದಿಲ್ಲ. ಅರ್ಜಿ ಶುಲ್ಕ ಕಟ್ಟುವ ಮುಂಚೆ ಆ ವಿಭಾಗಕ್ಕೆ ಒಂದು ಇ-ಮೇಲ್ ಬರೆದು, ಪದವಿಯ ಹೆಸರು, ವರ್ಷಗಳ ಸಂಖ್ಯೆ ತಿಳಿಸಿ, ಅರ್ಹತೆ ಇದೆಯೇ ಎಂದು ಕೇಳಿಬಿಡಬೇಕು. ಕೇಳುವುದಕ್ಕೆ ದುಡ್ಡಿಲ್ಲ.

ಅಂಕಪಟ್ಟಿ

ಬಹಳಷ್ಟು ಕಡೆ ಕನಿಷ್ಠ ಅರ್ಹತೆ ಎಂದರೆ 4ಕ್ಕೆ 3ರ ಜಿ.ಪಿ.ಎ., ಅಂದರೆ ಸರಾಸರಿ "ಬಿ" ದರ್ಜೆ. ಇದು ಬಾಗಿಲು ತೆರೆಯುವ ಅಳತೆಯೇ ಹೊರತು ಒಳಗೆ ಕೂರಿಸುವ ಅಳತೆಯಲ್ಲ. ನಮ್ಮ ಶೇಕಡಾ 65ನ್ನು ಇಲ್ಲಿನ ಶೇಕಡಾ 65 ಎಂದುಕೊಂಡು ಹೆದರಬೇಕಾಗಿಲ್ಲ. ಭಾರತದ ಅಂಕಗಳನ್ನು ಓದಿ ಅಭ್ಯಾಸವಿರುವವರು ಅದರ ಬೆಲೆಯನ್ನು ಬಲ್ಲರು. ಹಾಗೆಯೇ ಅಂತರ್ಜಾಲದಲ್ಲಿ ಸಿಗುವ ಯಾವುದೋ ಸೂತ್ರ ಹಿಡಿದು ಅಂಕಗಳನ್ನು ತಾವೇ ಪರಿವರ್ತಿಸಿ ಬರೆಯಬಾರದು. ಅರ್ಜಿಯಲ್ಲಿ ಕೇಳಿರದಿದ್ದರೆ ಅಂಕಪಟ್ಟಿಯಲ್ಲಿ ಇರುವಂತೆಯೇ ಕೊಡುವುದು ಕ್ಷೇಮ.

ಸಮಿತಿಯವರು ಒಟ್ಟು ಅಂಕಕ್ಕಿಂತ ಎರಡು ಸಂಗತಿ ನೋಡುತ್ತಾರೆ. ಒಂದು, ಮೊದಲ ವರ್ಷದಿಂದ ಕೊನೆಯ ವರ್ಷಕ್ಕೆ ಅಂಕ ಏರಿದೆಯೋ ಇಳಿದಿದೆಯೋ. ಎರಡು, ಅವರ ವಿಷಯಕ್ಕೆ ಬುನಾದಿಯಾದ ಪತ್ರಿಕೆಗಳಲ್ಲಿ ಹೇಗಿದೆ. ಮೊದಲ ವರ್ಷದಲ್ಲಿ ಒಂದೆರಡು ವಿಷಯ ಉಳಿಸಿಕೊಂಡು ಆಮೇಲೆ ಚೆನ್ನಾಗಿ ಮಾಡಿದವರು ಅದನ್ನು ಮುಚ್ಚಿಡಬೇಕಿಲ್ಲ, ಮುಚ್ಚಿಡಲೂಬಾರದು. ಪ್ರವೇಶ ಸಿಕ್ಕ ಮೇಲೆ ವಿಶ್ವವಿದ್ಯಾಲಯದ ಮುದ್ರೆಯುಳ್ಳ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಕಳಿಸಲೇಬೇಕು. ಅಲ್ಲಿ ಬೇರೆ ಕತೆ ಇದ್ದರೆ ಪ್ರವೇಶ ರದ್ದಾಗುತ್ತದೆ. ಈ ಟ್ರಾನ್ಸ್‌ಕ್ರಿಪ್ಟ್ ಪಡೆಯಲು ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಾರಗಟ್ಟಲೆ ಹಿಡಿಯಬಹುದು. ಮೊದಲೇ ಅರ್ಜಿ ಕೊಟ್ಟು ನಾಲ್ಕಾರು ಪ್ರತಿ ತೆಗೆದಿಟ್ಟುಕೊಳ್ಳುವುದು ಜಾಣತನ.

ಪರೀಕ್ಷೆಗಳು: ಹಳೆಯ ಲೆಕ್ಕ ಮರೆಯಿರಿ

ನಮ್ಮಲ್ಲಿ ಕೆಲವರಿಗೆ ಜಿ.ಆರ್.ಇ. ಎಂದರೆ ದಪ್ಪ ಪುಸ್ತಕ, ಉದ್ದನೆಯ ಪದಪಟ್ಟಿ, ಪ್ರತಿ ವಿಭಾಗಕ್ಕೆ 800 ಅಂಕ. 2011ರ ಆಗಸ್ಟ್‌ನಲ್ಲಿ ಆ ಲೆಕ್ಕ ಮುಗಿಯಿತು. ಈಗ ಭಾಷೆ ಮತ್ತು ಗಣಿತ ವಿಭಾಗಗಳಿಗೆ 130ರಿಂದ 170ರವರೆಗೆ, ಬರವಣಿಗೆಗೆ 0ಯಿಂದ 6ರವರೆಗೆ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯೂ ಚಿಕ್ಕದಾಗಿದೆ: ಎರಡು ಗಂಟೆಯೊಳಗೆ ಮುಗಿಯುತ್ತದೆ, ಪ್ರಬಂಧ ಒಂದೇ. ಅಂಕಗಳು ಐದು ವರ್ಷ ಊರ್ಜಿತ.

ಇನ್ನೂ ದೊಡ್ಡ ಬದಲಾವಣೆ ಎಂದರೆ, 2020ರ ಕೋವಿಡ್ ಕಾಲದಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದ್ದಾಗ ಹಲವು ವಿಭಾಗಗಳು ಜಿ.ಆರ್.ಇ.ಯನ್ನು ಕೈಬಿಟ್ಟವು; ಅವುಗಳಲ್ಲಿ ಅನೇಕವು ಮತ್ತೆ ತಂದಿಲ್ಲ. ಈಗ ಮೂರು ಬಗೆ ಇವೆ: ಬೇಕೇ ಬೇಕು ಎನ್ನುವವರು, ಕೊಟ್ಟರೆ ನೋಡುತ್ತೇವೆ ಎನ್ನುವವರು, ಕೊಟ್ಟರೂ ನೋಡುವುದಿಲ್ಲ ಎನ್ನುವವರು. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳು ಬೇರೆ ಬೇರೆ ಹೇಳಬಹುದು. ಎಲ್ಲರಿಗೂ ತಿಳಿಯದ ಹೆಸರಿನ ಕಾಲೇಜಿನಿಂದ ಬರುವ ಹುಡುಗಿಗೆ, ಐಚ್ಛಿಕ ಎಂದಿರುವ ಕಡೆಯೂ ಒಳ್ಳೆಯ ಗಣಿತದ ಅಂಕ ಒಂದು ಬೆಂಬಲವೇ.

ಇಂಗ್ಲಿಷ್ ಪರೀಕ್ಷೆಯ ವಿಷಯವಂತೂ ವಂಶಾವಳಿಯಂತಿದೆ. ಟೋಫೆಲ್ ಒಂದು ಕಾಲಕ್ಕೆ 677ಕ್ಕೆ, ಆಮೇಲೆ ಕಂಪ್ಯೂಟರ್ ಬಂದು 300ಕ್ಕೆ, 2005ರಿಂದ 120ಕ್ಕೆ ಇತ್ತು. 2026ರ ಜನವರಿಯಿಂದ 1ರಿಂದ 6ರ ಹೊಸ ಅಳತೆ ಬಂದಿದೆ. ಎರಡು ವರ್ಷಗಳ ಕಾಲ ಹಳೆಯ 120ರ ಅಳತೆಗೆ ಹೋಲಿಸಿದ ಅಂಕವನ್ನೂ ಜೊತೆಗೆ ಕೊಡುವ ವ್ಯವಸ್ಥೆ ಇದೆ. ಇದರ ಬದಲು ಐ.ಇ.ಎಲ್.ಟಿ.ಎಸ್. ಅನ್ನು ಬಹುತೇಕ ಎಲ್ಲ ಕಡೆ, ಡುವೊಲಿಂಗೊ ಪರೀಕ್ಷೆಯನ್ನು ಕೆಲವು ಕಡೆ ಒಪ್ಪುತ್ತಾರೆ. ಟೋಫೆಲ್, ಐ.ಇ.ಎಲ್.ಟಿ.ಎಸ್. ಅಂಕಗಳು ಎರಡೇ ವರ್ಷ ಊರ್ಜಿತ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕೆಲವು ವಿಶ್ವವಿದ್ಯಾಲಯಗಳು ವಿನಾಯಿತಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಪಾಠ ಹೇಳುವ ಸಹಾಯಕ ಹುದ್ದೆ ಬೇಕೆಂದರೆ ಮಾತನಾಡುವ ವಿಭಾಗದಲ್ಲಿ ಇಷ್ಟು ಅಂಕ ಇರಲೇಬೇಕು ಎಂಬ ಪ್ರತ್ಯೇಕ ನಿಯಮ ಇರುವ ಕಡೆಗಳೂ ಉಂಟು.

ಉದ್ದೇಶ ಪತ್ರ: ಚಿಕ್ಕಂದಿನ ಕತೆ ಬೇಡ

ಇಡೀ ಅರ್ಜಿಯಲ್ಲಿ ವಿದ್ಯಾರ್ಥಿಯ ಸ್ವಂತ ದನಿ ಕೇಳುವುದು ಒಂದೇ ಕಡೆ, ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂಬ ಉದ್ದೇಶ ಪತ್ರದಲ್ಲಿ. ದುರದೃಷ್ಟ ಏನೆಂದರೆ ಊರಿನಿಂದ ಬರುವ ಪತ್ರಗಳಲ್ಲಿ ನೂರಕ್ಕೆ ತೊಂಬತ್ತು "ಚಿಕ್ಕಂದಿನಿಂದಲೂ ನನಗೆ ಕಂಪ್ಯೂಟರ್ ಎಂದರೆ ಪ್ರಾಣ" ಎಂದೇ ಶುರುವಾಗುತ್ತವೇನೋ ಎನ್ನಿಸುತ್ತದೆ. ಒಂದೇ ಕನ್ಸಲ್ಟೆನ್ಸಿಯಲ್ಲಿ ಬರೆಸಿದ ಪತ್ರಗಳು ಒಂದೇ ಎರಕದಲ್ಲಿ ತೆಗೆದ ಗೌರಿ ಗಣೇಶರಂತೆ ಇರುತ್ತವೆ. ಈಗ ಅದಕ್ಕೆ ಕೃತಕ ಬುದ್ಧಿಮತ್ತೆಯ ನೆರವೂ ಸೇರಿ, ಎಲ್ಲವೂ ನಯ, ಎಲ್ಲವೂ ಒಂದೇ.

ಒಳ್ಳೆಯ ಪತ್ರ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಏನು ಓದಬೇಕೆಂದಿದ್ದೀಯ? ಅದಕ್ಕೆ ಇದುವರೆಗೆ ಏನು ಮಾಡಿದ್ದೀಯ? ಈ ವಿಭಾಗವೇ ಏಕೆ? ಮುಂದೆ ಏನು? ಉದಾಹರಣೆಗೆ, ದಾವಣಗೆರೆ ಕಡೆಯ ಒಬ್ಬ ಹುಡುಗ "ನನಗೆ ಯಂತ್ರಕಲಿಕೆಯಲ್ಲಿ ಅಪಾರ ಆಸಕ್ತಿ" ಎಂದು ಬರೆದರೆ ಅದು ಗಾಳಿಗೆ ತೂರಿದ ಮಾತು. ಅದರ ಬದಲು, "ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಬೋರ್‌ವೆಲ್ ಪಂಪಿನ ಕರೆಂಟ್ ಅಳೆದು ನೀರು ಬತ್ತುವುದನ್ನು ಮೊದಲೇ ಗುರುತಿಸಲು ಯತ್ನಿಸಿದೆವು, ನಾಲ್ಕು ತೋಟಗಳಲ್ಲಿ ಕೆಲಸ ಮಾಡಿತು, ಐದನೆಯದರಲ್ಲಿ ವೋಲ್ಟೇಜ್ ಏರಿಳಿತದಿಂದ ಸೋತಿತು, ಆ ಸೋಲಿನ ಕಾರಣ ಹುಡುಕುತ್ತ ಇಂಥ ವಿಷಯಕ್ಕೆ ಬಂದೆ" ಎಂದು ಬರೆದರೆ, ಓದುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನಮ್ಮ ಮಕ್ಕಳ ಹತ್ತಿರ ಇಂಥ ಅನುಭವ ಬೇಕಾದಷ್ಟಿದೆ. ಅದು ಹೇಳತಕ್ಕ ವಿಷಯವೆಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ಶಿಫಾರಸು ಪತ್ರ: "ನೀನೇ ಬರೆದುಕೊಂಡು ಬಾ"

ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೇಳುತ್ತಾರೆ. ಇಲ್ಲೇ ನಮ್ಮ ಪದ್ಧತಿಗೂ ಇಲ್ಲಿನ ಪದ್ಧತಿಗೂ ದೊಡ್ಡ ಘರ್ಷಣೆ. ನಮ್ಮ ಅನೇಕ ಕಾಲೇಜುಗಳಲ್ಲಿ ಮೇಷ್ಟ್ರು "ನೀನೇ ಬರೆದುಕೊಂಡು ಬಾರಪ್ಪ, ಸಹಿ ಹಾಕ್ತೀನಿ" ಎನ್ನುತ್ತಾರೆ. ಅವರಿಗೆ ನೂರಾರು ಮಕ್ಕಳು, ಪುರುಸೊತ್ತಿಲ್ಲ. ಅವರದು ಕೆಟ್ಟ ಮನಸ್ಸೇನಲ್ಲ. ಆದರೆ ಇಲ್ಲಿ ಅರ್ಥವೇ ಬೇರೆ. ಶಿಫಾರಸು ಎಂದರೆ ವಿದ್ಯಾರ್ಥಿ ನೋಡದೆ ಬರೆದ, ಮುಚ್ಚಿದ ಅಭಿಪ್ರಾಯ. 1974ರ ಶಿಕ್ಷಣ ದಾಖಲೆಗಳ ಕಾಯಿದೆಯ ಪ್ರಕಾರ, ಸೇರಿದ ಮೇಲೆ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕು ಇದೆ; ಅರ್ಜಿಯಲ್ಲೇ ಆ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಕೇಳುತ್ತಾರೆ. ಹೆಚ್ಚಿನವರು ಬಿಟ್ಟುಕೊಡುತ್ತಾರೆ, ಏಕೆಂದರೆ ಹಾಗೆ ಬಂದ ಪತ್ರಕ್ಕೆ ತೂಕ ಹೆಚ್ಚು. ಮೂರು ಪತ್ರಗಳೂ ಒಂದೇ ಭಾಷೆಯಲ್ಲಿ, ಅದೂ ಉದ್ದೇಶ ಪತ್ರದ ಭಾಷೆಯಲ್ಲೇ ಇದ್ದರೆ ಓದುವವರಿಗೆ ಗೊತ್ತಾಗದೇ ಇರುತ್ತದೆಯೇ?

ಹಾಗಾದರೆ ಹುಡುಗ ಏನು ಮಾಡಬೇಕು? ಮೇಷ್ಟ್ರಿಗೆ ಪತ್ರ ಬರೆದುಕೊಡುವ ಬದಲು ಒಂದು ಪುಟದ ಟಿಪ್ಪಣಿ ಕೊಡಬಹುದು: ಅವರ ಯಾವ ತರಗತಿಯಲ್ಲಿದ್ದೆ, ಯಾವ ಪ್ರಾಜೆಕ್ಟ್ ಮಾಡಿದೆ, ಎಲ್ಲಿ ಎಡವಿ ಹೇಗೆ ಸರಿಪಡಿಸಿಕೊಂಡೆ, ಅರ್ಜಿ ಯಾವ ವಿಷಯಕ್ಕೆ, ಕೊನೆಯ ದಿನ ಯಾವುದು. "ಸರ್, ಇದನ್ನು ನೋಡಿ ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆದರೂ ಸಾಕು" ಎಂದು ವಿನಯದಿಂದ ಕೇಳಿದರೆ ಬಹುಪಾಲು ಮೇಷ್ಟ್ರುಗಳು ಒಪ್ಪುತ್ತಾರೆ. ವ್ಯಾಕರಣ ತಪ್ಪಿದ್ದರೂ ಅವರದೇ ಆದ ನಾಲ್ಕು ಸಾಲು, ಪ್ರಿನ್ಸಿಪಾಲರ ಹೆಸರಿನಲ್ಲಿ ಬಂದ ಹೊಗಳಿಕೆಯ ಎರಡು ಪುಟಕ್ಕಿಂತ ಮೇಲು. ದೊಡ್ಡ ಹುದ್ದೆಯವರಿಗಿಂತ ಹತ್ತಿರದಿಂದ ಕಂಡವರೇ ಉತ್ತಮ.

ಸಾಹಿತ್ಯದ ಮಕ್ಕಳಿಗೂ ದಾರಿ ಇದೆ

ನಮ್ಮದು ಸಾಹಿತ್ಯ ಬಳಗವಾದ್ದರಿಂದ ಇದನ್ನು ಹೇಳದೆ ಬಿಡಲಾಗದು. ಕನ್ನಡ ಎಂ.ಎ., ಇಂಗ್ಲಿಷ್ ಎಂ.ಎ., ಇತಿಹಾಸ ಓದಿದವರಿಗೆ ಅಮೆರಿಕ ಇಲ್ಲ ಎಂದು ಊರಿನಲ್ಲಿ ನಂಬಿಕೆ. ಮೈಸೂರಿನ ಎ. ಕೆ. ರಾಮಾನುಜನ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದು 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಮುಂದೆ ಷಿಕಾಗೋದಲ್ಲಿ ನೆಲೆ ನಿಂತರು. ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ 1966ರಲ್ಲಿ ಪಿಎಚ್.ಡಿ. ಮಾಡಿದರು. ಇಬ್ಬರೂ ಮನೆ ಅಡ ಇಟ್ಟು ಹೋದವರಲ್ಲ, ವಿದ್ಯಾರ್ಥಿವೇತನ ಹುಡುಕಿ ಹೋದವರು.

ಮಾನವಿಕ ವಿಷಯಗಳಲ್ಲಿ ಮುಖ್ಯವಾಗಿ ಕೇಳುವುದು ಬರವಣಿಗೆಯ ಮಾದರಿ: ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಪುಟದ, ಸ್ವಂತ ವಾದವಿರುವ ಒಂದು ವಿಮರ್ಶಾ ಪ್ರಬಂಧ. ತೌಲನಿಕ ಸಾಹಿತ್ಯ, ದಕ್ಷಿಣ ಏಷ್ಯಾ ಅಧ್ಯಯನಗಳಂಥ ವಿಭಾಗಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಓದುವ ಶಕ್ತಿಯನ್ನೂ ನೋಡುತ್ತಾರೆ. ಅಲ್ಲಿ ಹಳಗನ್ನಡ ಓದಬಲ್ಲ, ಶಾಸನ ಬಿಡಿಸಬಲ್ಲ, ಜೊತೆಗೆ ತುಳುವೋ ತೆಲುಗೋ ಸಂಸ್ಕೃತವೋ ಬಲ್ಲ ಹುಡುಗಿ ಬಡವಳಲ್ಲ. ಅವಳ ಕನ್ನಡವೇ ಅವಳ ಅರ್ಹತೆ. ಇಂಥ ಮಕ್ಕಳು ನಮಗೆ ಫೋನ್ ಮಾಡುವುದಿಲ್ಲ. ನಾವೇ ಹುಡುಕಿ ಹೇಳಬೇಕು.

ದುಡ್ಡು, ಐ-20 ಮತ್ತು ಚಿಕ್ಕಪ್ಪನ ಸಹಿ

ಪ್ರವೇಶ ಸಿಕ್ಕ ಮೇಲೆ ವಿಶ್ವವಿದ್ಯಾಲಯ ಐ-20 ಎಂಬ ಪತ್ರ ಕೊಟ್ಟರೆ ಮಾತ್ರ ಎಫ್-1 ವೀಸಾಕ್ಕೆ ಅರ್ಜಿ. ಐ-20 ಬೇಕಾದರೆ ಕನಿಷ್ಠ ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ತೋರಿಸಬೇಕು: ಬ್ಯಾಂಕ್ ಪತ್ರ, ಶಿಕ್ಷಣ ಸಾಲದ ಮಂಜೂರಾತಿ, ಅಥವಾ ಪ್ರಾಯೋಜಕರ ಪ್ರಮಾಣಪತ್ರ. ಈ ಪ್ರಾಯೋಜಕರ ಜಾಗಕ್ಕೇ ನಮ್ಮನ್ನು ಕರೆಯುವುದು. "ಸುಮ್ನೆ ಒಂದು ಸಹಿ ಅಷ್ಟೇ ಚಿಕ್ಕಪ್ಪ, ದುಡ್ಡು ಅಪ್ಪನೇ ಕೊಡ್ತಾರೆ." ಸುಮ್ಮನೆ ಸಹಿ ಎಂಬುದು ಇಲ್ಲ. ಕೊಡುತ್ತೇನೆ ಎಂದು ಬರೆದುಕೊಟ್ಟರೆ ಕೊಡುವ ಮನಸ್ಸು, ಶಕ್ತಿ ಎರಡೂ ಇರಬೇಕು. ವೀಸಾ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಹೇಳಿದ್ದು ಕಂಡುಬಂದರೆ ಆ ಹುಡುಗನಿಗೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಶುಲ್ಕ 28,000, ವಾಸ ಮತ್ತು ಊಟಕ್ಕೆ 18,000, ಆರೋಗ್ಯ ವಿಮೆ ಇತ್ಯಾದಿಗೆ 3,000 ಡಾಲರ್ ಎಂದುಕೊಳ್ಳಿ. ಎರಡು ವರ್ಷಕ್ಕೆ 98,000 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 88 ಲಕ್ಷ ದಾಟುತ್ತದೆ. ಇದರಲ್ಲಿ 50 ಲಕ್ಷವನ್ನು ಶೇಕಡಾ 11ರ ಬಡ್ಡಿಗೆ, ಹತ್ತು ವರ್ಷದ ಅವಧಿಗೆ ಸಾಲ ತಂದರೆ ತಿಂಗಳ ಕಂತು ಸುಮಾರು 69,000 ರೂಪಾಯಿ. ಓದುವಾಗ ಕೂಡುವ ಬಡ್ಡಿ ಬೇರೆ. ಕಾಲೇಜು ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು, ಕ್ಯಾಂಪಸ್ಸಿನ ಹೊರಗೆ ತನ್ನಿಷ್ಟಕ್ಕೆ ದುಡಿಯಲು ಕಾನೂನು ಬಿಡುವುದಿಲ್ಲ. "ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟುತ್ತಾನೆ" ಎಂಬುದು ಕನಸು. ಓದು ಮುಗಿದ ಮೇಲೆ 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಕೆಲಸದ ಅನುಮತಿ ಪಡೆಯಲು 2016ರಿಂದ ನಿಯಮ ಇದೆ ನಿಜ. ಆದರೆ ಅದು ಅನುಮತಿ, ಕೆಲಸವಲ್ಲ. ವೀಸಾ ನಿಯಮಗಳು ಸರ್ಕಾರದೊಂದಿಗೆ ಬದಲಾಗುತ್ತವೆ. ಸಾಲದ ಕಂತು ಬದಲಾಗುವುದಿಲ್ಲ.

ಇನ್ನೊಂದು ಮಾತು. ಉಚಿತವಾಗಿ ಸಲಹೆ ಕೊಡುವ ಕನ್ಸಲ್ಟೆನ್ಸಿಗಳಲ್ಲಿ ಕೆಲವಕ್ಕೆ, ಸೇರಿಸಿದ ಪ್ರತಿ ವಿದ್ಯಾರ್ಥಿಗೆ ಇಷ್ಟು ಎಂದು ವಿಶ್ವವಿದ್ಯಾಲಯಗಳಿಂದಲೇ ಕಮಿಷನ್ ಬರುತ್ತದೆ. ಅವರ ಪಟ್ಟಿಯಲ್ಲಿ ಇಲ್ಲದ ಕಡೆಯೂ ಒಳ್ಳೆಯ ವಿಭಾಗಗಳಿರುತ್ತವೆ ಎಂಬುದನ್ನು ಮಕ್ಕಳಿಗೆ ಹೇಳಿ.

ಒಂದು ಪಂಚಾಂಗ

ಮುಂದಿನ ವರ್ಷದ ಆಗಸ್ಟ್‌ನಲ್ಲಿ ಸೇರಬೇಕೆಂದರೆ ಹಿಂದಿನ ವರ್ಷದ ಲೆಕ್ಕ ಹೀಗಿರಲಿ. ಮೇ, ಜೂನ್‌ನಲ್ಲಿ ವಿಭಾಗಗಳ ಪಟ್ಟಿ, ನಿಯಮಗಳ ಓದು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆಗಳು; ಜಿ.ಆರ್.ಇ. ಮತ್ತೆ ಬರೆಯಬೇಕಾದರೆ 21 ದಿನ ಕಾಯಬೇಕು. ಸೆಪ್ಟೆಂಬರ್‌ನಲ್ಲಿ ಮೇಷ್ಟ್ರುಗಳನ್ನು ಕಂಡು ಕೇಳಿಕೊಳ್ಳುವುದು, ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ. ಅಕ್ಟೋಬರ್, ನವೆಂಬರ್‌ನಲ್ಲಿ ಉದ್ದೇಶ ಪತ್ರ, ನಾಲ್ಕಾರು ಸಲ ತಿದ್ದಿ. ಪಿಎಚ್.ಡಿ.ಗೆ ಬಹುತೇಕ ಡಿಸೆಂಬರ್‌ನಲ್ಲೇ ಕೊನೆಯ ದಿನ, ಎಂ.ಎಸ್.ಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇರೆ ಬೇರೆ. ಉತ್ತರಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬರುತ್ತವೆ.

ಏಪ್ರಿಲ್ 15 ನೆನಪಿಡಬೇಕಾದ ದಿನ. ಇಲ್ಲಿನ ಸ್ನಾತಕೋತ್ತರ ಶಾಲೆಗಳ ಮಂಡಳಿಯ ಒಪ್ಪಂದಕ್ಕೆ ಸಹಿ ಹಾಕಿರುವ ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನ ಅಥವಾ ಸಹಾಯಕ ಹುದ್ದೆ ಕೊಟ್ಟಾಗ, ಆ ದಿನಕ್ಕಿಂತ ಮೊದಲು ಉತ್ತರ ಹೇಳು ಎಂದು ಒತ್ತಾಯಿಸುವಂತಿಲ್ಲ. ಮೊದಲು ಬಂದ ಪತ್ರಕ್ಕೇ ಹೆದರಿ ಒಪ್ಪಿಕೊಳ್ಳಬೇಕಿಲ್ಲ. ಆದರೆ ದುಡ್ಡಿಲ್ಲದ ಬರೀ ಪ್ರವೇಶಕ್ಕೆ ಈ ರಕ್ಷಣೆ ಇಲ್ಲ. ಅಲ್ಲಿ ಅವರು ಕೊಟ್ಟ ದಿನವೇ ಕೊನೆ.

ನಾವೇನು ಮಾಡಬಹುದು?

ನಮ್ಮ ಕೈಲಿ ಸೀಟು ಇಲ್ಲ. ಆದರೆ ಉದ್ದೇಶ ಪತ್ರವನ್ನು ಓದಿ "ಇಲ್ಲಿ ನೀನು ಕಾಣ್ತಿಲ್ಲ ಕಣೋ" ಎಂದು ಹೇಳಬಹುದು. ಹೆಸರು ಕೇಳದ ಕಾಲೇಜಿನ ಬಗ್ಗೆ ಇಲ್ಲೇ ವಿಚಾರಿಸಿ ತಿಳಿಸಬಹುದು. ಅಣ್ಣ ಅತ್ತಿಗೆಯ ಜೊತೆ ಕೂತು ಸಾಲದ ಲೆಕ್ಕವನ್ನು ರೂಪಾಯಿಯಲ್ಲಿ, ತಿಂಗಳ ಕಂತಿನಲ್ಲಿ ಬಿಡಿಸಿ ಹೇಳಬಹುದು. ಅದು ಅವರಿಗೆ ಇಷ್ಟವಾಗದಿರಬಹುದು, "ನೀನು ಹೋಗಿ ಚೆನ್ನಾಗಿದ್ದೀಯ, ನಮ್ಮ ಮಗ ಬರೋದು ಬೇಡ್ವಾ?" ಎಂದು ನೊಂದುಕೊಂಡಾರು. ಆ ಮಾತನ್ನು ತಾಳಿಕೊಳ್ಳುವುದೂ ಸಂಬಂಧದ ಕೆಲಸವೇ. ಬರಬೇಡ ಎಂದು ಹೇಳುವುದಲ್ಲ. ಎಷ್ಟು ತೂಕ ಹೊತ್ತು ಬರುತ್ತಿದ್ದೀಯ ಎಂದು ಹೊರಡುವ ಮುಂಚೆ ತಿಳಿಸುವುದು.

ಬಳಗದ ಸದಸ್ಯರ ಮನೆಯ ಮಕ್ಕಳು ಯಾರಾದರೂ ಈ ವರ್ಷ ಅರ್ಜಿ ಹಾಕುತ್ತಿದ್ದರೆ ಮುಂದಿನ ಸಭೆಯಲ್ಲಿ ತಿಳಿಸಿ. ನಮ್ಮಲ್ಲಿ ಮೇಷ್ಟ್ರುಗಳಿದ್ದಾರೆ, ಇಂಜಿನಿಯರುಗಳಿದ್ದಾರೆ, ಡಾಕ್ಟರುಗಳಿದ್ದಾರೆ. ಒಬ್ಬೊಬ್ಬರು ಒಂದೊಂದು ಉದ್ದೇಶ ಪತ್ರ ಓದಿಕೊಟ್ಟರೂ ಅದು ಸಣ್ಣ ಸೇವೆಯಲ್ಲ. ಕಥೆ ಕವಿತೆ ತಿದ್ದಿ ಅಭ್ಯಾಸವಿರುವ ಕೈಗಳಿಗೆ ಇದೇನು ಮಹಾ ಕೆಲಸ!

ಅರ್ಜಿ ಹಾಕುವ ಎಲ್ಲ ಮಕ್ಕಳಿಗೂ ಶುಭವಾಗಲಿ.